ಮೂರು ಹೆಂಚು ಬಾಕಿ

ಐದನೆಯ ಒಬ್ಬಟ್ಟು ಎಲೆಗೆ ಬಿದ್ದಾಗ ನನಗೆ ಖಾತ್ರಿಯಾಯಿತು. ಈ ಮನೆಯಿಂದ ನಾನು ಜೀವಂತ ಹೊರಗೆ ಹೋಗುವುದು ಅನುಮಾನ!

ಬಾಗಿಲಿಗೆ ಅಡ್ಡವಾಗಿ ಒಬ್ಬ ಆಸಾಮಿ. ಆರಡಿ ಮೇಲೆ ಎರಡಿಂಚು. ಕೈಯಲ್ಲಿ ತುಪ್ಪದ ಗಿಂಡಿ.

ಎದುರಿಗೆ ಒಬ್ಬಳು ಮುದುಕಿ. ಕೈಯಲ್ಲಿ ಆರನೆಯ ಒಬ್ಬಟ್ಟು.

"ಸಾಕಮ್ಮಾ..." ಎಂದೆ.

"ಸಾಕು ಅನ್ನೋ ಮಾತು ಈ ಮನೇಲಿ ಇಲ್ಲ ಕಣಪ್ಪ."

ಆರನೆಯದು ಬಿತ್ತು. ಅದರ ಮೇಲೆ ತುಪ್ಪ ಬಿತ್ತು.

ನಾನು ಈರಣ್ಣ. ಹನ್ನೊಂದು ವರ್ಷ ಕಡೂರಿನ ಬೀದಿಗಳಲ್ಲಿ ಕರೆಂಟ್ ಮೀಟರ್ ಓದಿದವನು. ಕಾಂಟ್ರಾಕ್ಟ್ ಮುಗಿಯಿತು, ಕೆಲಸ ಹೋಯಿತು. ಆದರೆ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ ಎನ್ನುವ ಜ್ಞಾನ ತಲೆಯಲ್ಲೇ ಉಳಿಯಿತು. ಈಗ ಅದೇ ನನ್ನ ಬಂಡವಾಳ. ಓನರಿಗೂ ಬಾಡಿಗೆದಾರರಿಗೂ ಕಿತ್ತಾಟ ಬಿದ್ದರೆ, ಜನ ಪೊಲೀಸರ ಹತ್ತಿರ ಹೋಗುವ ಮೊದಲು ನನ್ನ ಹತ್ತಿರ ಬರುತ್ತಾರೆ. ಪೊಲೀಸರು ಅಗ್ರಿಮೆಂಟ್ ಕೇಳುತ್ತಾರೆ. ನಾನು ಊಟ ಕೇಳುತ್ತೇನೆ.

ನೀವು ಟೀ ಕುಡಿಯಿರಿ ಸ್ವಾಮಿ, ಆರಿಹೋಗುತ್ತದೆ. ಅಜ್ಜಂಪುರದ ನಂಜುಂಡಪ್ಪನ ಬಗ್ಗೆ ತಾನೇ ಕೇಳಿದ್ದು? ಅಲ್ಲಿಗೇ ಬರುತ್ತಿದ್ದೇನೆ.

ಕೇಸು ಬಂದಿದ್ದು ಬುಧವಾರ ಬೆಳಿಗ್ಗೆ. ತಂದವಳು ಹುಲಿಯಮ್ಮ. ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುತ್ತಾಳೆ. ನಂಜುಂಡಪ್ಪನ ನಾಲ್ಕು ಬಾಡಿಗೆ ಮನೆಗಳ ಸಾಲಿನಲ್ಲಿ ಎರಡನೆಯದು ಇವಳದು.

"ಮಗಳಿಗೆ ಹೆರಿಗೆ ಆಯ್ತು ಈರಣ್ಣ. ಹೆಣ್ಣು ಕೂಸು. ಶುಕ್ರವಾರ ಡಿಸ್ಚಾರ್ಜು."

"ಖುಷಿ ವಿಷ್ಯ ತಾನೇ?"

"ಖುಷೀನೇ. ಆದ್ರೆ ಬಾಣ್ತಿ ರೂಮು ಸೋರ್ತಾ ಐತೆ. ಮಂಚ ಎಲ್ಲಿಗೆ ಎಳುದ್ರೂ ಹನಿ ಅಲ್ಲಿಗೇ ಬತ್ತದೆ. ಹನಿ ಹಿಡಿಯಾಕೇ ಎಲ್ಲಾ ಪಾತ್ರೆ ಹೋದ್ವು, ಅಡಿಗೆ ಮಾಡಾಕೆ ಒಂದೂ ಇಲ್ಲ."

"ಓನರಿಗೆ ಹೇಳಿದ್ಯಾ?"

"ಎರಡು ಮಳೆಗಾಲದಿಂದ ಹೇಳ್ತಾ ಇವ್ನಿ. ಬಾಡಿಗೆ ಮಾತ್ರ ತಿಂಗ್ಳಿಗೆ ಸರಿಯಾಗಿ ಫೋನಲ್ಲಿ ಹಾಕಿಸ್ಕೋತಾರೆ. ಹೆಂಚು ಅಂದ್ರೆ ಸಾಕು, ಅದೇ ಫೋನು ಸತ್ತೋಗ್ತದೆ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಂಗೆ ಇನ್ನೇನೂ ಬ್ಯಾಡ ಕಣಪ್ಪ. ಆ ಕೂಸಿನ ನೆತ್ತಿ ಮೇಲೆ ಹನಿ ಬೀಳಬಾರ್ದು, ಅಷ್ಟೇಯ."

ನನಗೆ ಸಿಟ್ಟು ಬಂತು. ಕೆಲಸಕ್ಕೆಂದು ಬರಿಸಿಕೊಳ್ಳುವ ಸಿಟ್ಟಲ್ಲ, ನಿಜವಾದದ್ದು.

"ಫೀಸು ಒಂದು ತಿಂಗಳು ರಾತ್ರಿ ಊಟ. ಮುದ್ದೆ, ಉಪ್ಪುಸಾರು," ಎಂದೆ.

"ಪಾತ್ರೆ ಖಾಲಿಯಾದ್ಮೇಲೆ," ಎಂದಳು.

ಒಪ್ಪಂದವಾಯಿತು. ಕೈಯಲ್ಲಿದ್ದಿದ್ದು ಎರಡು ದಿನ.

ನಂಜುಂಡಪ್ಪನನ್ನು ಹಿಡಿಯುವುದೆಂದರೆ ಸೋಪು ಹಿಡಿದಂತೆ. ಕಡೂರಿನಲ್ಲಿ ಕೇಳಿದರೆ ತರೀಕೆರೆಯ ಅಂಗಡಿಯಲ್ಲಿದ್ದಾರೆ ಎನ್ನುತ್ತಾರೆ. ತರೀಕೆರೆಗೆ ಹೋದರೆ ಈಗ ತಾನೇ ಅಜ್ಜಂಪುರಕ್ಕೆ ಹೋದರು ಎನ್ನುತ್ತಾರೆ. ಆ ಮನುಷ್ಯನ ಮುಖ ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ. ಅವನೂ ನನ್ನ ಮುಖ ನೋಡಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಹತ್ತಿರ ಒಂದು ಮೊಪೆಡ್ ಇದೆ. ಒಂದು ಪದ್ಧತಿಯೂ ಇದೆ. ಒಬ್ಬನನ್ನು ಬಗ್ಗಿಸಬೇಕಾದರೆ ಮೊದಲು ಅವನ ಮೆತ್ತಗಿನ ಜಾಗ ಎಲ್ಲಿದೆ ಎಂದು ತಿಳಿಯಬೇಕು. ಅದು ತಿಳಿಯುವುದು ಟೀ ಅಂಗಡಿಯಲ್ಲಿ.

ಬುಧವಾರ ಮಧ್ಯಾಹ್ನ. ತರೀಕೆರೆ. ಲಕ್ಕಣ್ಣನ ಟೀ ಅಂಗಡಿ.

"ನಂಜುಂಡಪ್ಪ ಅಂದ್ರೆ ಹೆಂಗೆ ಮನುಷ್ಯ?" ಎಂದೆ. ಧ್ವನಿ ತಗ್ಗಿಸಿ.

ಲಕ್ಕಣ್ಣನ ಕೈ ನಿಂತಿತು. "ಯಾಕೆ?"

"ಸುಮ್ನೆ. ಸಾಲ ಗೀಲ ಐತಾ? ಕುಡಿಯೋ ಅಭ್ಯಾಸ? ಮನೆ ಎಷ್ಟವೆ? ಮಗ ಹೆಂಗೆ?"

ಅವನು ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದ.

"ಯಾವೂರಿಂದ ಬಂದ್ರಿ?"

"ಅದೆಲ್ಲ ಹೇಳಂಗಿಲ್ಲ."

"ಗೊತ್ತಾಯ್ತು ಬಿಡಿ," ಎಂದ ಲಕ್ಕಣ್ಣ. ಎರಡು ವಡೆ ತಂದಿಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ನನ್ನ ಜೀವಮಾನದಲ್ಲಿ ತರೀಕೆರೆಯಲ್ಲಿ ಯಾರೂ ನನಗೆ ಪುಕ್ಕಟೆ ವಡೆ ಕೊಟ್ಟಿದ್ದಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಆದರೆ ವಡೆ ಬಿಸಿ ಇತ್ತು.

ಗುರುವಾರ. ಅಜ್ಜಂಪುರದ ರಸ್ತೆ. ಕನ್ನಡಿಯಲ್ಲಿ ಒಂದು ಬಿಳಿ ಕಾರು.

ನಾನು ನಿಧಾನ ಮಾಡಿದೆ. ಅದೂ ನಿಧಾನ ಮಾಡಿತು. ನಾನು ಜೋರು ಮಾಡಿದೆ. ನನ್ನ ಜೋರೆಂದರೆ ಮೂವತ್ತೆಂಟು. ಅವರಿಗೆ ಅದು ನಿಧಾನವೇ.

ತೆಂಗಿನ ತೋಟದ ಪಕ್ಕದ ಗಾಡಿ ಜಾಡಿಗೆ ನುಗ್ಗಿದೆ. ಎದುರಿಗೆ ಕುರಿ ಮಂದೆ! ಇನ್ನೂರು ಕುರಿ, ಒಂದೂ ಪಕ್ಕಕ್ಕೆ ಸರಿಯಲಿಲ್ಲ. ಅವುಗಳ ನಡುವೆಯೇ ಮೊಪೆಡ್ ತಳ್ಳಿಕೊಂಡು ಆಚೆ ಬಂದು ಮತ್ತೆ ರಸ್ತೆಗೆ ಬಿದ್ದೆ. ಹತ್ತು ನಿಮಿಷ ಹಾರಿಕೊಂಡು ಹೋದೆ... ರೈಲ್ವೆ ಗೇಟು. ಹಾಕಿತ್ತು.

ಗೂಡ್ಸ್ ಗಾಡಿ. ಮುಗಿಯುವ ಲಕ್ಷಣವೇ ಇಲ್ಲ. ಹಿಂದೆ ಕಾರಿನ ಬಾಗಿಲು ತೆರೆದ ಸದ್ದಾಯಿತು. ಇಳಿದವನು ಇಳಿಯುತ್ತಲೇ ಇದ್ದ, ಅಷ್ಟು ಉದ್ದ.

"ಕಾರು ಹತ್ತಿ ಸಾರ್."

"ಹತ್ತದಿದ್ರೆ?"

"ಅಜ್ಜಿ ಬೈತಾರೆ."

ನನಗೆ ಬೇಕಾದಷ್ಟು ಬೆದರಿಕೆ ಬಂದಿವೆ ಸ್ವಾಮಿ. ಈ ಥರದ್ದು ಬಂದಿರಲಿಲ್ಲ. ಹತ್ತಿದೆ. ಗೇಟು ತೆರೆದ ಮೇಲೆ ಡ್ರೈವರ್ ಕಾರನ್ನು ಅಜ್ಜಂಪುರದ ಕಡೆ ಬಿಟ್ಟ. ಉದ್ದದವನು ನನ್ನ ಮೊಪೆಡ್ ಹತ್ತಿ ಹಿಂದೆ ಬಂದ. ಅವನ ಮೊಣಕಾಲು ಹ್ಯಾಂಡಲ್‌ಗಿಂತ ಮೇಲಿದ್ದವು.

ಹೀಗೆ ನಾನು ಒಬ್ಬಟ್ಟಿನ ಮುಂದೆ ಬಂದು ಕುಳಿತಿದ್ದು.

ಒಳಗಿನಿಂದ ಒಬ್ಬ ಯಜಮಾನರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಬಂದವರೇ ಎರಡೂ ಕೈ ಮುಗಿದರು.

"ನಾನೇ ನಂಜುಂಡಪ್ಪ. ಇವ್ರು ನಮ್ಮವ್ವ ಹುಚ್ಚಮ್ಮ. ಬಾಗ್ಲಲ್ಲಿರೋನು ಮಗ ಸುದೀಪ. ಹಿಂಗೆ ಕರ್ಕೊಂಡ್ ಬಂದಿದ್ದಕ್ಕೆ ತಪ್ಪು ತಿಳ್ಕೋಬೇಡಿ. ಲಕ್ಕಣ್ಣ ಫೋನ್ ಮಾಡಿದ್ದ. ಶಿವನಿ ಊರಿನ ಹೆಣ್ಣಿನವ್ರು ಗುಟ್ಟಾಗಿ ವಿಚಾರಿಸೋಕೆ ಜನ ಕಳಿಸ್ತಾರೆ ಅಂತ ನಮಗೆ ಗೊತ್ತಿತ್ತು. ನೀವು ನಿಖಿತಾಗೆ ಸೋದರಮಾವ ಆಗ್ಬೇಕೋ?"

ನನ್ನ ತಲೆಯಲ್ಲಿ ಕರೆಂಟ್ ಬಂತು.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಏನು ಮಾಡುತ್ತಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗುರುತಿಲ್ಲದ ಒಬ್ಬನನ್ನು ಗಂಡಿನ ಊರಿಗೆ ಕಳಿಸುತ್ತಾರೆ. ಅವನು ಟೀ ಅಂಗಡಿಯಲ್ಲಿ ಕೂತು ಮೆಲ್ಲಗೆ ಕೇಳುತ್ತಾನೆ. ಸಾಲ ಇದೆಯಾ, ಕುಡಿಯುತ್ತಾರಾ, ಮನೆ ಎಷ್ಟು, ಮಗ ಹೇಗೆ. ನಾನು ಕೇಳಿದ್ದೂ ಅದನ್ನೇ, ಒಂದಕ್ಷರ ಬಿಡದೆ!

ಸುದೀಪನಿಗೆ ಮೂವತ್ತನಾಲ್ಕು. ಐದು ವರ್ಷದಿಂದ ಹೆಣ್ಣು ಹುಡುಕುತ್ತಿದ್ದರು. ಅಜ್ಜಿಯ ಕೈ ಸುಮ್ಮಸುಮ್ಮನೆ ಅಷ್ಟು ಧಾರಾಳವಾಗಿರಲಿಲ್ಲ.

ನಿಜ ಹೇಳಿಬಿಡಬಹುದಿತ್ತು. ಆದರೆ ಬಾಯಿ ತುಂಬ ಒಬ್ಬಟ್ಟಿತ್ತು. ಬಾಯಿ ತುಂಬಿದವನು ಸುಮ್ಮನಿದ್ದರೆ ಅದನ್ನು ಸುಳ್ಳು ಎನ್ನಲಾಗುವುದಿಲ್ಲ. ನುಂಗಿದೆ. ಆಮೇಲೆ ಬರೀ ಪ್ರಶ್ನೆ ಕೇಳಿದೆ.

"ಕಡೂರಲ್ಲಿ ಬಾಡಿಗೆ ಮನೆ ಅವೆಯಂತೆ?"

"ನಾಲ್ಕವೆ. ಕಲ್ಲು ಕಲ್ಲು ಇದ್ದಂಗವೆ."

"ಸೋರ್ತವಾ?"

ನಂಜುಂಡಪ್ಪ ಟವೆಲ್ಲಿನಿಂದ ಹಣೆ ಒರೆಸಿಕೊಂಡರು. "ಎರಡನೇದು... ಹೆಂಚು ಒಂಚೂರು..."

"ಒಂಚೂರು?"

"ಬೆಳಿಗ್ಗೆನೇ ಹಾಕಿಸ್ಬಿಡ್ತೀನಿ."

"ನಾಳೆ ಹನ್ನೆರಡು ಗಂಟೆಗೆ ಅಲ್ಲಿರ್ತೀನಿ," ಎಂದೆ. "ಬಾಡಿಗೆದಾರರನ್ನ ಹೆಂಗೆ ಇಟ್ಕೊಂಡವ್ರೆ ಅಂತ ನೋಡಿದ್ರೆ, ಸೊಸೇನ ಹೆಂಗೆ ಇಟ್ಕೋತಾರೆ ಅಂತ ಗೊತ್ತಾಗಲ್ವಾ?"

ಅದೂ ಪ್ರಶ್ನೆಯೇ.

ಬಾಗಿಲಲ್ಲಿದ್ದ ಸುದೀಪ ಅಪ್ಪನ ಕಡೆ ನೋಡಿದ. "ಮನೆ ಸೋರ್ತದೆ ಅಂತ ನಂಗೆ ಹೇಳೇ ಇಲ್ವಲ್ಲಪ್ಪಾ," ಎಂದ. ಅಪ್ಪ ಗೋಡೆ ನೋಡಿದರು. ಅಜ್ಜಿ ಏಳನೆಯದನ್ನು ಬಡಿಸಿದಳು.

ಶುಕ್ರವಾರ ಹನ್ನೆರಡು ಗಂಟೆ. ಕಡೂರು.

ಗಾರೆಯವನು ಕೈ ಕೊಟ್ಟಿದ್ದ. ಒಂದೇ ದಿನದಲ್ಲಿ ಕರೆದರೆ ಯಾವ ಗಾರೆಯವನು ಬರುತ್ತಾನೆ? ಹಾಗಾಗಿ ನಂಜುಂಡಪ್ಪನೇ ಪಂಚೆ ಎತ್ತಿ ಕಟ್ಟಿ ಸೂರಿನ ಮೇಲೆ ಹತ್ತಿದ್ದರು. ಎರಡು ಮಳೆಗಾಲ ಕಡೂರಿಗೆ ಕಾಣದ ಮನುಷ್ಯ ಈಗ ಇಡೀ ಬೀದಿಗೆ ಕಾಣುತ್ತಿದ್ದರು. ಸುದೀಪ ಕೆಳಗಿನಿಂದ ಹೆಂಚು ಕೊಡುತ್ತಿದ್ದ. ನಾನು ಏಣಿ ಹಿಡಿದುಕೊಂಡಿದ್ದೆ.

ಮೋಡ ಕಟ್ಟಿತ್ತು. ಒಡೆದ ಹೆಂಚು ಮೂವತ್ತೊಂದು. ಇಪ್ಪತ್ತೆಂಟು ಮುಗಿದಿತ್ತು.

ಆಗ ಆಟೋ ಬಂತು.

ಹುಲಿಯಮ್ಮ ಇಳಿದಳು. ಒಳಗೆ ಅವಳ ಮಗಳು ಭೂಮಿಕಾ, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು. ಮಡಿಲಲ್ಲಿ ಕೂಸು. ಹುಲಿಯಮ್ಮ ಮೇಲೆ ನೋಡಿದಳು. ನನ್ನನ್ನು ನೋಡಿದಳು. ಅವಳ ಬಾಯಿ ತೆರೆಯಿತು. ನಾನು ಕಣ್ಣಲ್ಲೇ ಬೇಡವೆಂದೆ. ಹೂ ಮಾರುವವಳ ಗಂಟಲು ಸ್ವಾಮಿ, ಅದಕ್ಕೆ ಬ್ರೇಕ್ ಇಲ್ಲ.

"ಈರಣ್ಣೋ, ಮೀಟ್ರು ಓದ್ಕಂಡಿದ್ದೋನು ಓನರ್‌ನೇ ಸೂರು ಹತ್ತಿಸ್ಬಿಟ್ಟಲ್ಲೋ!"

ಸೂರಿನ ಅಂಚಿನಿಂದ ನಂಜುಂಡಪ್ಪ ಇಣುಕಿದರು.

ಮೇಲಿನಿಂದ ನಿಧಾನವಾಗಿ ಒಂದು ಧ್ವನಿ. "ಮೀಟ್ರು... ಓದೋನಾ?"

ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು.

"ಲೇ... ಇರು ಮಗ್ನೆ, ಇಳುದು ಬತ್ತೀನಿ."

ಅವರು ಏಣಿಯ ಕಡೆ ತೆವಳಿದರು. ಇಡೀ ಬೀದಿಯಲ್ಲಿ ಇದ್ದದ್ದು ಒಂದೇ ಏಣಿ. ಅದು ನನ್ನ ಕೈಯಲ್ಲಿತ್ತು. ತೆಗೆದು ಗೋಡೆಯ ಬುಡಕ್ಕೆ ಮಲಗಿಸಿದೆ.

"ಇನ್ನು ಮೂರು ಹೆಂಚು ಬಾಕಿ ಯಜಮಾನ್ರೆ."

"ಏಣಿ ಇಡೋ."

"ಹೆಂಚು ಇಡಿ."

"ಸುದೀಪಾ! ಅವನ್ನ ಹಿಡ್ಕಂಡು ನಾಲ್ಕು ಬಿಡು."

ಆರಡಿ ಎರಡಿಂಚು ನನ್ನ ಕಡೆ ತಿರುಗಿತು. ಒಂದು ಹೆಜ್ಜೆ ಇಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ಓಡೋಣವೆಂದರೆ ಹೊಟ್ಟೆಯಲ್ಲಿ ಹಿಂದಿನ ದಿನದ ಏಳೂ ಒಬ್ಬಟ್ಟು ಇನ್ನೂ ಕೂತಿದ್ದವು.

ಏಟು ಬೀಳಲಿಲ್ಲ. ಕಣ್ಣು ಬಿಟ್ಟೆ.

ಸುದೀಪ ಆಟೋ ಕಡೆ ನೋಡುತ್ತಿದ್ದ. ಭೂಮಿಕಾ ಕೂಸಿನ ತಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದಿದ್ದಳು. ಅವನು ಬಗ್ಗಿದ. ಒಂದು ಹೆಂಚು ತೆಗೆದುಕೊಂಡು ಕೈ ಚಾಚಿದ. ಆ ಕೈಗೆ ಏಣಿ ಬೇಕಿರಲಿಲ್ಲ.

"ಮೊದ್ಲು ಇದ್ನ ಹಿಡಿ ಅಪ್ಪಾ. ಬೈಯೋದು ಆಮೇಲೆ ಬೈಯಿ. ಕೂಸು ನೆನೀತದೆ."

"ಈ ಸುದ್ದಿ ಶಿವನಿಗೆ ಮುಟ್ಟಿದ್ರೆ ನಿನ್ ಮದುವೆ ಕೆಡ್ತು ಕಣೋ..."

"ಕೆಡ್ಲಿ. ಹಿಡಿ."

ನಂಜುಂಡಪ್ಪ ಮಗನನ್ನು ನೋಡಿದರು. ಕೂಸನ್ನು ನೋಡಿದರು. ಹೆಂಚು ಹಿಡಿದರು.

ಒಂದು. ಎರಡು. ಮಳೆ ಜೋರಾಯಿತು. ಮೂರು.

ಹುಲಿಯಮ್ಮ ಒಳಗೆ ಓಡಿದಳು. ಮಂಚದ ಮೇಲೆ, ದಿನಾ ಹನಿ ಬೀಳುತ್ತಿದ್ದ ಜಾಗದಲ್ಲಿ, ಅಂಗೈ ಚಾಚಿ ನಿಂತಳು. ಸೂರಿನ ಮೇಲೆ ಮಳೆ ಬಡಿಯುತ್ತಿತ್ತು. ಅವಳು ಕಾದಳು. ಅಂಗೈ ಒಣಗಿಯೇ ಇತ್ತು. ಅವಳು ನಕ್ಕಳು, ಹಾಗೇ ಅತ್ತಳು. ಭೂಮಿಕಾ ಬಂದು ಕೂಸನ್ನು ಅಲ್ಲೇ ಮಲಗಿಸಿದಳು.

ನಾನು ಗಟ್ಟಿ ಮನುಷ್ಯ ಸ್ವಾಮಿ. ಗೋಡೆ ಕಡೆ ತಿರುಗಿ ಮೀಟರ್ ಓದಿದೆ. ನಂಬರು ಸರಿಯಾಗಿ ಕಾಣಲಿಲ್ಲ.

ಆಮೇಲೆ ಏಣಿ ಇಟ್ಟೆ. ಇಟ್ಟ ಮೇಲೆ ಅಲ್ಲಿ ನಿಲ್ಲಲಿಲ್ಲ. ನಂಜುಂಡಪ್ಪ ಇನ್ನೂ ನನ್ನ ಹತ್ತಿರ ಮಾತಾಡುವುದಿಲ್ಲ. ಸುದೀಪ ಮೊನ್ನೆ ಬಂದು ಕೂಸಿಗೆ ಒಂದು ಸೊಳ್ಳೆ ಪರದೆ ಕೊಟ್ಟು ಹೋದನಂತೆ. ನಾನು ದಿನಾ ರಾತ್ರಿ ಮುದ್ದೆ ಉಣ್ಣುತ್ತಿದ್ದೇನೆ.

ಇಷ್ಟೇ ವಿಷಯ.

ನೀವು ಬಂದಾಗಿನಿಂದ ನನ್ನನ್ನು ಕೇಳಿದ್ದು ನಾಲ್ಕೇ ಪ್ರಶ್ನೆ. ಸಾಲ ಐತಾ, ಕುಡೀತಾರಾ, ಮನೆ ಎಷ್ಟವೆ, ಮಗ ಹೆಂಗೆ. ಯಾವೂರು ಎಂದರೆ ಹೇಳಲಿಲ್ಲ. ಹೇಳಬೇಡಿ. ಶಿವನಿಯ ರೈಲು ಟಿಕೆಟ್ಟು ನಿಮ್ಮ ಜೇಬಿನಿಂದ ಇಣುಕುತ್ತಿದೆ.

ಸಾಲ ಇಲ್ಲ. ಕುಡಿಯುವುದಿಲ್ಲ. ಮನೆ ನಾಲ್ಕಿವೆ. ಒಂದನೇ ಮನೆಯ ಬಚ್ಚಲಿಗೆ ಬಾಗಿಲಿಲ್ಲ. ಮೂರನೇ ಮನೆಯ ಪೈಪು ಒಡೆದಿದೆ. ನಾಲ್ಕನೆಯದರಲ್ಲಿ ಸ್ವಿಚ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ.

ಹುಡುಗ ಚಿನ್ನ. ಕಣ್ಣು ಮುಚ್ಚಿಕೊಂಡು ಹೆಣ್ಣು ಕೊಡಿ ಸ್ವಾಮಿ...

ಆದರೆ ವೈರಿಂಗ್ ಆದ ಮೇಲೆ.