ಚಾಲೂ ಆಗಬಾರದಿದ್ದ ಎಂಜಿನ್

"ಎಂಜಿನ್ ಕಟ್ಟೋಕ ಬರದಿದ್ರ ಪಾನಾ ಯಾಕ ಹಿಡಿದ್ಯೋ ಭಾಡ್ಯಾ! ಒಂದು ಜೀವ ನುಂಗಿದಿ ನೀನು!"

"ನಿನ್ನೆ ಸಂಜಿ ನದ್ಯಾಗ ಎರಡು ರೌಂಡ್ ಹೊಡದು ಮಸ್ತ್ ಐತಿ ಅಂದಾಂವ ಯಾರಲೇ? ನಿಮ್ಮಪ್ಪನಾ?"

ದೋಣಿ ನಡೆಸುವ ನಾಗಭೂಷಣ, ಮೆಕ್ಯಾನಿಕ್ ಪಂಪೇಶನ ಕೊರಳಪಟ್ಟಿಗೆ ಕೈ ಹಾಕಿದ. ಠಾಣೆಯ ಬೆಂಚು ಉರುಳಿ ಬಿತ್ತು. ಪಿಎಸ್‌ಐ ಉಜ್ಜಿನಪ್ಪ ಲಾಠಿಯಿಂದ ಮೇಜಿಗೆ ಒಂದೇಟು ಬಿಗಿದ.

"ಇದೇನು ಸಂತಿ ಅನ್ಕೊಂಡೀರೇನು? ಒಬ್ಬೊಬ್ಬರ ಬೊಗಳ್ರಿ!"

ಆಗಸ್ಟ್ ಹನ್ನೊಂದು, ಬೆಳಿಗ್ಗೆ 10.40. ನಾಗಭೂಷಣನ ದೂರು ಹೀಗಿತ್ತು: 8.15ಕ್ಕೆ ಬುಕ್ಕಸಾಗರದ ದಡದಿಂದ ಆರು ಮಂದಿಯನ್ನು ಕೂರಿಸಿಕೊಂಡು ಹೊರಟಿದ್ದ. ನಡು ಹೊಳೆಯಲ್ಲಿ ಎಂಜಿನ್ ಪಟಾಕಿಯಂತೆ ಡಬ್ ಡಬ್ ಎಂದು ಸಿಡಿಯತೊಡಗಿ ಎಳೆಯುವ ಶಕ್ತಿಯೇ ಹೋಯಿತು. ಹಿಂದಿನ ದಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಸೆಳವು ದೋಣಿಯನ್ನು ಬಂಡೆಗೆ ಬಡಿಯಿತು. ಐವರು ಪ್ರಯಾಣಿಕರೂ ಅವನೂ ಬಂಡೆ ಹಿಡಿದು ಬದುಕಿದರು. ಬಾಳೆಹಣ್ಣು ಮಾರುವ ಕೊಟ್ರಬಸಮ್ಮನ ಹೆಣ ಅರ್ಧ ಮೈಲಿ ಕೆಳಗೆ ಸಿಕ್ಕಿತು.

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ಪಂಪೇಶನ ಹೆಸರು.

"ಸಂಡೂರಿನ ಗುಜರಿಯಿಂದ ತಂದ ಜೀಪಿನ ಎಂಜಿನ್ರಿ ಅದು. ಮೂರು ತಿಂಗಳು ಕುಂತು ಕಟ್ಟೀನಿ," ಎಂದ ಪಂಪೇಶ. "ನನ್ನ ಜೈಲಿಗೆ ಹಾಕ್ರಿ. ಆದ್ರ ಹಾಕೋಕಿಂತ ಮುಂಚೆ ಅದನ್ನ ಒಮ್ಮೆ ಬಿಚ್ಚಿ ನೋಡ್ರಿ."

ಉಜ್ಜಿನಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನನ್ನು ಒಳಗೆ ತಳ್ಳಲು ಕೈ ಎತ್ತಿಯೂ ಬಿಟ್ಟಿದ್ದ. ಆದರೆ ಒಂದು ಮಾತು ಗಂಟಲಲ್ಲಿ ಮುಳ್ಳಾಗಿ ಕೂತಿತು. ಕೆಲಸ ಕೆಟ್ಟದಾಗಿದ್ದರೆ ಎಂಜಿನ್ ನಿನ್ನೆ ಸಂಜೆಯೇ ಕೆಡಬೇಕಿತ್ತಲ್ಲ? ರಾತ್ರಿ ಕಳೆಯುವವರೆಗೆ ಕಾದದ್ದೇಕೆ?

12.30ಕ್ಕೆ ಬಂಡೆಯಿಂದ ಎಳೆತಂದ ದೋಣಿಯ ಮುಂದೆ ಪಂಚನಾಮೆ. ಹೊಸಪೇಟೆಯಿಂದ ಮೋಟಾರು ವಾಹನ ನಿರೀಕ್ಷಕ ಮುರುಗೇಶ್ ಬಂದಿದ್ದರು. ಎಂಜಿನ್ ಪೆಟ್ಟಿಗೆಯ ಬೀಗ ನೆಟ್ಟಗಿತ್ತು. ಪೆಟ್ರೋಲಿನಲ್ಲಿ ನೀರಿಲ್ಲ. ಕಾರ್ಬುರೇಟರ್ ಸ್ವಚ್ಛ. ಟೈಮಿಂಗ್ ಗುರುತು ಕೂದಲೆಳೆಯಷ್ಟೂ ಸರಿದಿಲ್ಲ.

"ಕೆಲಸ ಚೊಲೋ ಮಾಡ್ಯಾನ್ರಿ," ಎಂದರು ಮುರುಗೇಶ್. ಪ್ಲಗ್ಗಿನ ವೈರುಗಳ ಮೇಲೆ ಬಗ್ಗಿದವರು ಹಾಗೇ ನಿಂತರು. "ಈ ಟೇಪು ಯಾಕ ಸುತ್ತೀಯಪ್ಪ?"

"ಗುರುತಿಗ್ರಿ. ಒಂದನೇದಕ್ಕ ಒಂದು ಸುತ್ತು, ಎರಡನೇದಕ್ಕ ಎರಡು, ಹಿಂಗ ನಾಕರತನ."

"ಹಂಗಾದ್ರ ಮೂರು ಸುತ್ತಿನದು ಎರಡನೇ ಪ್ಲಗ್ಗಿನ್ಯಾಗ ಯಾಕೈತಿ?"

ಪಂಪೇಶ ಬಗ್ಗಿ ಸುತ್ತು ಎಣಿಸಿದ. ನಡುವಿನ ಎರಡೂ ವೈರು ಅದಲು ಬದಲಾಗಿದ್ದವು. ಪ್ಲಗ್ಗಿನ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬೀಳುತ್ತಿತ್ತು, ಅದಕ್ಕೇ ಸಿಡಿತ. ನಾಲ್ಕರಲ್ಲಿ ಎರಡೇ ಸಿಲಿಂಡರು ದುಡಿಯುತ್ತಿದ್ದವು, ಅದಕ್ಕೇ ಶಕ್ತಿ ಅರ್ಧ. ಉಜ್ಜಿನಪ್ಪ ಆ ಎರಡು ವೈರುಗಳ ರಬ್ಬರ್ ಟೋಪಿಗಳನ್ನು ಕಳಚಿ ನೋಡಿದ. ಒಳಅಂಚಿನಲ್ಲಿ ಹಳದಿ ಬೆರಳಚ್ಚು. ಮೂಸಿದ. ಅರಿಷಿಣ. ಉಳಿದೆರಡರಲ್ಲಿ ಇರಲಿಲ್ಲ.

ಅವನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿ, ಬೇರೆ ಟೋಪಿ ತೊಡಿಸಿ, ವೈರು ಸರಿಯಾಗಿ ಚುಚ್ಚಿದರು. ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿ, ಒಂದೇ ಸಮ ಗುಂಯ್‌ಗುಟ್ಟಿತು.

"ಮೊನ್ನೆ ಕಟ್ಟಿದ ಎಂಜಿನ್ನಿಗೆ ಅರಿಷಿಣ ಯಾರು ಹಚ್ಚಿದ್ರೋ?"

ಉಜ್ಜಿನಪ್ಪ ಕೇಳಿದ್ದಕ್ಕೆ ನಾಗಭೂಷಣ ತಡವರಿಸಿದ. "ಹೊಸದಾಗಿ ನೀರಿಗಿಳಿಸೋದಲ್ರಿ, ಮುಂಜಾನೆ ನಮ್ಮಾಕಿ ಗಂಗಿ ಪೂಜಿ ಮಾಡಿದ್ಲು. ಮ್ಯಾಲ ಹಚ್ಚಿರ್ತಾಳ."

"ಮ್ಯಾಲ ಹಚ್ಚಿದ್ದು ಟೋಪಿ ಒಳಗ ಹೆಂಗ ಹೋಗ್ತೈತಲೇ?"

4.20ಕ್ಕೆ ಮಹಿಳಾ ಪೇದೆ ಶೈಲಜಾ ನಾಗಭೂಷಣನ ಹೆಂಡತಿ ಪಕೀರಮ್ಮನನ್ನು ಠಾಣೆಗೆ ಕರೆತಂದಳು. ಸೆರಗು ಬಿಗಿಯಾಗಿ ಹೊದ್ದು, ಕುರ್ಚಿ ಕೊಟ್ಟರೂ ನಿಂತೇ ಇದ್ದಳು.

"ಪೂಜಿ ಎಷ್ಟೊತ್ತಿಗೆ ಮಾಡಿದ್ಯವ್ವ?"

"ಆರಕ್ಕ."

"ಪೆಟ್ಟಿಗಿ ಕೀಲಿ?"

"ಮನ್ಯಾಗ, ಗೂಟಕ್ಕಿತ್ತು."

"ವೈರು ಯಾಕ ಮುಟ್ಟಿದಿ?"

ಪಕೀರಮ್ಮ ಗಂಡನ ಕಡೆ ನೋಡಲಿಲ್ಲ. ಪಂಪೇಶನ ಕಡೆ ನೋಡಿದಳು.

"ಇವೆರಡು ಅದಲು ಬದಲಾದ್ರ ಗಾಡಿ ಚಾಲೂನ ಆಗಂಗಿಲ್ಲ ಅಂತ ಪಂಪೇಶಣ್ಣ ಅಂದಿದ್ದ. ಚಾ ಕೊಡೋಕ ಹೋದಾಗ."

"ಅಯ್ಯ ನನ್ನವ್ವ," ಪಂಪೇಶ ತಲೆಗೆ ಕೈ ಹೊತ್ತು ಕೂತ. "ಮುಟ್ಟಬ್ಯಾಡ್ರಿ ಅನ್ನೋಕ ಅಂದ ಮಾತದು. ಎರಡು ಸಿಲಿಂಡರ್ ಮ್ಯಾಲ ಚಾಲೂ ಆಗ್ತೈತಿ, ಎಳ್ಯಂಗಿಲ್ಲ ಅಷ್ಟ."

"ಹೊಳಿ ತುಂಬಿ ನೀರು ಕೆಂಪಗ ಬಂದಿತ್ರಿ ಸಾಹೇಬ್ರ," ಎಂದಳು ಪಕೀರಮ್ಮ. " ಇವತ್ತೊಂದಿನ ಬ್ಯಾಡ ಅಂತ ಮೂರು ಸಲ ಹೇಳಿದೆ. ಹೆಂಗಸ್ರ ಮಾತು ಕೇಳಿದ್ರ ದೋಣಿ ದಡದಾಗ ಕೊಳೀತೈತಿ ಅಂದ. ಚಾಲೂ ಆಗಲಿಲ್ಲಂದ್ರ ಬೈಕೋತ ಮನೀಗೆ ಬರ್ತಾನ ಅನ್ಕೊಂಡೆ. ಒಲಿ ಮುಂದ ಇದ್ದಾಗ ಎಂಜಿನ್ ಸಪ್ಪಳ ಕೇಳ್ತು. ಓಡಿ ಬಂದೆ. ಹೋಗಿಬಿಟ್ಟಿದ್ರು."

ಉಜ್ಜಿನಪ್ಪ ನಾಗಭೂಷಣನತ್ತ ತಿರುಗಿದ. "ದಡದಾಗ ಚಾಲೂ ಮಾಡಿದಾಗ ಅದು ಸಿಡೀಲಿಲ್ಲೇನು?"

"ಸಿಡೀತ್ರಿ. ಬಿಸಿ ಆದ್ರ ಸರಿ ಹೋಗ್ತೈತಿ ಅಂತ..."

"ಅಂತ ಆರು ಮಂದೀನ ಹತ್ತಿಸಿಕೊಂಡಿ!"

5.30ಕ್ಕೆ ಕೇಸಿನಲ್ಲಿ ಆರೋಪಿಯ ಹೆಸರು ಬದಲಾಯಿತು. ಪಂಪೇಶನ ಹೆಸರು ಹೋಯಿತು. ನಾಗಭೂಷಣನಿಗೆ ವಿಚಾರಣೆಯ ನೋಟಿಸು. ಬೇಕಂತಲೇ ಎಂಜಿನ್ ಕೆಡಿಸಿದ್ದಕ್ಕೆ ಪಕೀರಮ್ಮನ ಬಂಧನ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನು ಬಂಧಿಸುವಂತಿಲ್ಲ, ಆದ್ದರಿಂದ ಶೈಲಜಾ ಜಲ್ದಿ ಜಲ್ದಿ ಬರೆದಳು. ಕೊಲ್ಲುವ ಮನಸ್ಸು ಆ ಹೆಂಗಸಿಗೆ ಎಳ್ಳಷ್ಟೂ ಇರಲಿಲ್ಲ. ಗಂಡನ ಜೀವ ಉಳಿಸಲು ಹೋಗಿದ್ದಳು. ಅದು ಉಳಿದಿತ್ತು ಕೂಡ, ಹತ್ತು ಹೆಜ್ಜೆ ಆಚೆ ಗೋಡೆಗೊರಗಿ ನಿಂತಿತ್ತು.

"ಬಂಧನದ ಮೆಮೊದಾಗ ಸಂಬಂಧಿಕರದು ಇಲ್ಲಾ ಊರಿನವರದು ಸಾಕ್ಷಿ ಸಹಿ ಬೇಕು. ಬಾರೋ ನಾಗಭೂಷಣ," ಎಂದ ಉಜ್ಜಿನಪ್ಪ.

ನಾಗಭೂಷಣ ಪೆನ್ನು ಹಿಡಿದ. ಹೆಂಡತಿಯ ಹೆಸರು ಓದಿದ. ಪೆನ್ನು ಕೆಳಗಿಟ್ಟ.

"ವಕೀಲರಿಗೆ ಒಂದು ಫೋನ್ ಮಾಡಿ ಬರ್ತೀನ್ರಿ."

ಹೊರಗೆ ಹೋದ. ಆರು ಹೊಡೆಯಿತು. ಶೈಲಜಾ ಬಾಗಿಲವರೆಗೆ ಹೋಗಿ ನೋಡಿ ಬಂದಳು; ಅವನಿರಲಿಲ್ಲ. ಆರೂಕಾಲಾಯಿತು. ಕೊನೆಗೆ ಆ ಜಾಗದಲ್ಲಿ ಸಹಿ ಹಾಕಿದವನು ಪಂಪೇಶ.