ವಂದನಾಳ ದನಿ

"ಆಟಕ್ಕಾದ್ರೂ ಹೆಸರು ಹೇಳಬ್ಯಾಡ್ರಿ, ಡಾಕ್ಟರವ್ವ," ಅಂದಳು ಚನಬಸವ್ವ. "ಹೆಸರು ಹೇಳಿ ಚುಚ್ಚಿದ್ರ ಅದು ಆಟ ಅಲ್ಲ."

ಶ್ರೀಜಾ ನಕ್ಕಳು. ವಾರ್ಡಿನ ಪಕ್ಕದ ಬಟ್ಟೆಕೋಣೆಯಲ್ಲಿ ಫಿನಾಯಿಲ್ ಮತ್ತು ಒದ್ದೆ ಚಾದರಗಳ ವಾಸನೆ ಗವ್ವೆನ್ನುತ್ತಿತ್ತು. ಬೀದರ್ ಕಡೆಯಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ಆಯಾ ಆಗಿದ್ದ ಮುದುಕಿಯ ಎದುರಿಗೇ ಅವಳು ನಿಂಬೆಹಣ್ಣಿಗೆ ವಂದನಾಳ ಬಾಚಣಿಗೆಯ ಕೂದಲು ಸುತ್ತಿದಳು. ಇಂಜೆಕ್ಷನ್ ಸೂಜಿ ಐದು ಚುಚ್ಚಿದಳು.

"ವಂದನಾ ಕುಲಕರ್ಣಿ, ನಿನ್ನ ಬಾಯಿ ಕಟ್ಟಲಿ! ಸಾಕಾ ಮಾವಶಿ?"

ವಾರ್ಡಿನವರೆಲ್ಲ ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಚನಬಸವ್ವ ಕಿವಿ ಮುಚ್ಚಿಕೊಂಡು ಹೊರಗೆ ಹೋದಳು.

ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಊರಿನ ಆ ಮೆಡಿಕಲ್ ಕಾಲೇಜಿನಲ್ಲಿ ಕನ್ನಡದ ವಿದ್ಯಾರ್ಥಿನಿಯರು ಶ್ರೀಜಾ, ವಂದನಾ ಇಬ್ಬರೇ. ಶ್ರೀಜಾ ನಾಸಿಕದ ಉಡುಪಿ ಹೋಟೆಲಿನವರ ಮಗಳು. ಧಾರವಾಡದಿಂದ ಬಂದ ವಂದನಾಳ ತಂದೆ ಅಲ್ಲೇ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಒಂದೇ ಹಾಸ್ಟೆಲ್ ಕೋಣೆ, ಒಂದೇ ಡಬ್ಬಿಯ ಚಟ್ನಿಪುಡಿ. ಮೆಡಿಸಿನ್ ವಾರ್ಡಿನ ಸರದಿ ಬಂದದ್ದೇ ಎಲ್ಲ ಕೆಟ್ಟಿತು. ಯಾರು ಮೊದಲು ರೋಗಿಯ ಬಳಿ ಹೋದರು, ಯಾರ ಹೆಸರು ಪಾಠದ ಸರ್ ಕರೆದರು, ಬರೀ ಅದೇ ಲೆಕ್ಕ. ಶ್ರೀಜಾ ಎರಡು ಸಲ ವಂದನಾಳ ರೋಗಿಗಳ ಕೇಸ್ ಪೇಪರ್ ಬಚ್ಚಿಟ್ಟಿದ್ದಳು. ಆದರೆ ಸರ್ ಶ್ರೀಜಾಳನ್ನೇ ಕೇಳಿದ ಪ್ರಶ್ನೆಗೂ ವಂದನಾಳ ಬಾಯಿ ಮೊದಲು ತೆರೆಯುತ್ತಿತ್ತು. ಮಾಟವೆಂದರೆ ನಡುಗುವ ಹುಡುಗಿ ಅವಳು. ಪರೀಕ್ಷೆಗೆ ಮುಂಚೆ ಸ್ವಲ್ಪ ಬೆದರಲಿ ಎಂದಷ್ಟೇ ಶ್ರೀಜಾ ಆ ಹಣ್ಣನ್ನು ಅವಳ ಏಪ್ರನ್ ಜೇಬಿಗೆ ಇಳಿಬಿಟ್ಟಳು.

ಮರುದಿನ ಬೆಳಗಿನ ರೌಂಡ್ಸ್‌ನಲ್ಲಿ ಸರ್ ಪ್ರಶ್ನೆ ಕೇಳಿದರು. ಪೆನ್ನಿಗಾಗಿ ಜೇಬಿಗೆ ಕೈಹಾಕಿದ ವಂದನಾ ಬೆಚ್ಚಿ ಕೈ ತೆಗೆದಳು. ಬೆರಳ ತುದಿಯಲ್ಲಿ ರಕ್ತದ ಹನಿ. ಬಾಯಿ ತೆರೆದಳು. ದನಿ ಬರಲಿಲ್ಲ. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ ಬಂತು.

ಗಂಟಲಿನ ಡಾಕ್ಟರು ನೋಡಿದರು, ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಅವಳನ್ನು ಅದೇ ವಾರ್ಡಿನಲ್ಲಿ ಮಲಗಿಸಿದರು. ಶ್ರೀಜಾ ಯಾರಿಗೂ ಕಾಣದಂತೆ ಅವಳ ಏಪ್ರನ್ ಜೇಬಿನಿಂದ ಹಣ್ಣನ್ನು ತಂದು ಬಟ್ಟೆಕೋಣೆಯ ಕಪಾಟಿನಲ್ಲಿಟ್ಟಳು. ಅದು ಬೆಚ್ಚಗಿತ್ತು.

ಚನಬಸವ್ವ ಹಿಂದೆಯೇ ನಿಂತಿದ್ದಳು. "ಸೂಜಿ ಕಿತ್ತು, ಆಕಿ ಹೆಸರಿನ ಜಾಗಾದಾಗ ನಿಮ್ಮ ಹೆಸರು ಹೇಳ್ರಿ. ಆಕಿ ದನಿ ಬರತದ."

"ನನ್ನದು?"

"ಹೋಗತದ."

"ನಾಲ್ಕೇ ದಿನ ಮಾವಶಿ," ಎಂದಳು ಶ್ರೀಜಾ. ಈಗ ಅವಳು ನಗುತ್ತಿರಲಿಲ್ಲ. "ಪರೀಕ್ಷೆ ಮುಗಿಯಲಿ."

ಆ ಸಂಜೆ, ಕನ್ನಡ ಬರೆಯಲು ಬಾರದ ವಂದನಾ ಚೀಟಿಯೊಂದರಲ್ಲಿ ಮರಾಠಿಯಲ್ಲಿ ಬರೆದುಕೊಟ್ಟಳು: 'ಪರೀಕ್ಷೆಗೆ ನಾನು ಸಿದ್ಧಮಾಡಿದ ಕೇಸನ್ನು ನೀನೇ ಹೇಳು. ನೋಟ್ಸ್ ಹಾಸ್ಟೆಲಿನ ನನ್ನ ಹಾಸಿಗೆಯ ಕೆಳಗಿದೆ. ವ್ಯರ್ಥ ಆಗಬಾರದು.' ಬರೆದವಳು ಶ್ರೀಜಾಳ ಅಂಗೈ ಒತ್ತಿ ನಕ್ಕಳು. ಶ್ರೀಜಾ ಕಕ್ಕಸಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಆದರೂ ನೋಟ್ಸ್ ತೆಗೆದುಕೊಂಡಳು.

ಪರೀಕ್ಷೆಯ ದಿನ, ಅದೇ ವಾರ್ಡಿನಲ್ಲಿ ವಂದನಾಳ ಕೇಸನ್ನು ಹೇಳುವಾಗ, ಅವಳು ತಡವರಿಸಲೇ ಇಲ್ಲ. ಹೊರಗಿನಿಂದ ಬಂದ ಪರೀಕ್ಷಕರು ತಲೆದೂಗಿದರು. "ಬಹಳ ಚೆನ್ನಾಗಿ ಹೇಳಿದಿ, ಮಗಳೇ" ಎಂದು ಅವರು ಅನ್ನುತ್ತಿರುವಾಗಲೇ ಮತ್ತೆ ಆ ಸುಟ್ಟ ಕೂದಲಿನ ವಾಸನೆ. ವಾರ್ಡಿನ ಆ ತುದಿಯಿಂದ ನರ್ಸಿನ ಕೂಗು.

ವಂದನಾ ಹಾಸಿಗೆಯಲ್ಲಿ ಬಿಲ್ಲಿನಂತೆ ಬಾಗಿದ್ದಳು. ಎರಡೂ ಕೈ ಗಂಟಲ ಮೇಲೆ. ತುಟಿ ನೀಲಿ. ಕಣ್ಣುಗಳು ಮಾತ್ರ ಶ್ರೀಜಾಳನ್ನೇ ಹುಡುಕುತ್ತಿದ್ದವು.

ಶ್ರೀಜಾ ಓಡಿದಳು. ಬಟ್ಟೆಕೋಣೆ. ಕತ್ತಲೆ. ಕಪಾಟಿನೊಳಗೆ ಕೈ. ಹಣ್ಣು ಮುಷ್ಟಿಯಷ್ಟು ಊದಿತ್ತು. ಮಿಡಿಯುತ್ತಿತ್ತು. ಒಂದು ಸೂಜಿ ಕಿತ್ತಳು. ಎರಡು. ಮೂರು. ಬೆರಳೆಲ್ಲ ಅಂಟಂಟು. ನಾಲ್ಕು. ಐದನೆಯದು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಬಂತು.

"ಶ್ರೀಜಾ ಶೆಟ್ಟಿ!" ಎಂದು ಕೂಗಿದಳು. "ಶ್ರೀಜಾ..."

ಎರಡನೆಯ ಸಲದ ಹೆಸರು ಅರ್ಧಕ್ಕೇ ನಿಂತಿತು. ಗಂಟಲೊಳಗೆ ಬಾಗಿಲು ಮುಚ್ಚಿದ ಹಾಗಾಯಿತು. ಅವಳಿಗೆ ಹಿಗ್ಗೇ ಆಯಿತು. ತನ್ನ ದನಿ ಹೋದರೆ ಹೋಗಲಿ, ವಂದನಾ ಉಳಿಯಲಿ. ವಾರ್ಡಿಗೆ ಓಡಿಬಂದಳು. ನರ್ಸ್ ಆಗಲೇ ವಂದನಾಳ ಮುಖದ ಮೇಲೆ ಚಾದರ ಎಳೆಯುತ್ತಿದ್ದಳು.

ವಂದನಾ ತೀರಿದ ಹದಿಮೂರನೆಯ ದಿನ ಶ್ರೀಜಾ ಓಝರಿಗೆ, ಅವಳ ಮನೆಗೆ ಹೋದಳು. ಪರೀಕ್ಷೆಯ ಆ ದಿನದಿಂದ ಶ್ರೀಜಾಳ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ. ಗೆಳತಿ ಹೋದ ಆಘಾತ ಎಂದು ಎಲ್ಲರೂ ಕನಿಕರಪಟ್ಟರು. ವಂದನಾಳ ತಾಯಿ ಅನಸೂಯ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು.

"ನೀ ಅಕಿ ಜೋಡಿ ಇದ್ದಿ. ದನಿ ಹೋಗಿತ್ತಂತ. ಕಡೀಕರ ಏನರ ಅಂದಳೇನವ್ವಾ ನನ್ನ ಮಗಳು?"

ಎಲ್ಲವನ್ನೂ ಬರೆದು ತಂದಿದ್ದ ಕಾಗದವನ್ನು ಚೀಲದಿಂದ ತೆಗೆಯಲು ಶ್ರೀಜಾ ಬಗ್ಗಿದಳು. ಆಗ ಅವಳ ತುಟಿ ತಾನಾಗಿ ತೆರೆಯಿತು.

"ಅವ್ವಾ."

ಅದು ವಂದನಾಳ ದನಿ. ಅದೇ ಧಾರವಾಡದ ಎಳೆತ, ಅದೇ ಕೊಂಚ ಒಡಕು.

ಅನಸೂಯರ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. ಅವಳ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದರು. ಮರುಗಳಿಗೆ ಆ ಬೆರಳುಗಳು ಬಿಗಿಯಾದವು.

"ನನ್ನ ಮಗಳ ದನಿ ನಿನ್ನ ಬಾಯಾಗ ಹ್ಯಾಂಗ ಬಂತು? ಏನ ಮಾಡಿದಿ ಅಕಿಗೆ?"

ತಪ್ಪಾಯಿತು ಎನ್ನಲು ಶ್ರೀಜಾ ಜೀವವೆಲ್ಲ ಒಟ್ಟುಮಾಡಿ ಬಾಯಿ ತೆರೆದಳು.

"ಅವ್ವಾ," ಎಂದಿತು ಬಾಯಿ, "ಉಸಿರು ಬರವಲ್ದವ್ವಾ. ಶ್ರೀಜಾನ್ನ ಕರೀರಿ. ಅಕಿ ಇಲ್ಲೇ ಎಲ್ಲೋ ಇದ್ದಾಳ, ಬರತಾಳ."