ಸೋಲೋ ನನ್ನದು, ಕೈಯೂ ನನ್ನದೇ

"ನನ್ನ ಗಿಟಾರ್ ಯಾಕ ಇಳಿಸಿದ್ರಿ?"

ಸೌಂಡ್ ಮಿಕ್ಸರಿನ ಮೇಲೆ ಬಗ್ಗಿದ್ದ ಹುಡುಗ ತಲೆ ಎತ್ತಿದ. ಎದುರಿಗೆ ನಿಂತಿದ್ದವಳ ಹೆಗಲಲ್ಲಿ ಗಿಟಾರ್ ಇನ್ನೂ ನೇತಾಡುತ್ತಿತ್ತು, ಕಣ್ಣು ಕೆಂಡವಾಗಿದ್ದವು. ಶಹಾಪುರದ ಒಂದು ಕಲ್ಯಾಣಮಂಟಪದಲ್ಲಿ ಮದುವೆಯ ಊಟ ಶುರುವಾಗಿ, ಆರ್ಕೆಸ್ಟ್ರಾದವರಿಗೆ ಸ್ವಲ್ಪ ಬಿಡುವು ಸಿಕ್ಕಿದ ಹೊತ್ತು. ಉಳಿದವರೆಲ್ಲ ಊಟದ ಕಡೆ ನಡೆದರೆ, ನಾಗರತ್ನಾ ಮಾತ್ರ ವೇದಿಕೆ ಇಳಿದು ನೆಟ್ಟಗೆ ಇವನ ಮೇಜಿಗೆ ಬಂದಿದ್ದಳು.

"ಇಳಿಸಿದ್ದು ಖರೆ ಅದರಿ," ಅಂದ ಅವನು, ಒಂದಿಷ್ಟೂ ಗಾಬರಿಯಾಗದೆ. "ನಿಮ್ಮ ಗಿಟಾರಿನ ಕೆಳಗ ಹಾಡವ್ರ ಧ್ವನಿ ಮುಳುಗಾಕತ್ತಿತ್ತು."

"ಹಾಡು ನಿಂತು ಸೋಲೋ ಬಂದಾಗ ಏರಿಸಬೇಕಿತ್ತಲ್ಲ? ಅಲ್ಲಿ ನಾ ಒಬ್ಬಾಕಿನೇ ಬಾರಸೂದು. ಮುಂದಿನ ಸಾಲಿನವ್ರಿಗೂ ಕೇಳಿಲ್ಲ."

"ಸೋಲೋ ಎಲ್ಲಿ ಬರ್ತದ ಅಂತ ನಂಗ ಹ್ಯಾಂಗ ಗೊತ್ತಾಗಬೇಕ್ರಿ? ಇವತ್ತೇ ಬಂದೀನಿ. ಒಂದ ಮಾತ ಹೇಳಿದ್ರ..."

"ಕೇಳಿದ್ರ ಹೇಳ್ತಿದ್ದೆ."

ಅವನು ಅವಳ ಗಿಟಾರಿನ ಮೇಲಿದ್ದ ವಾಲ್ಯೂಮ್ ಗುಂಡಿಯ ಕಡೆ ನೋಡಿದ. "ನೀವು ಮೊದಲ ಹಾಡಿನಿಂದ ಅದನ್ನ ಪೂರಾ ಏರಿಸಿ ಇಟ್ಟೀರಿ. ಸೋಲೋಗೆ ಅಂತ ಏನೂ ಉಳಿಸಿಕೊಂಡಿಲ್ಲ."

"ಅದು ನನ್ನ ಗಿಟಾರ್," ಅಂದವಳೇ ತಿರುಗಿ ಹೊರಟಳು.

ಅವನು ಸುರಪುರದ ಚೇತನಕುಮಾರ, ಮಸ್ತಾನಸಾಬರ ಆರ್ಕೆಸ್ಟ್ರಾಕ್ಕೆ ಅಂದೇ ಸೇರಿದ ಸೌಂಡ್ ಆಪರೇಟರ್ ಎಂದು ಅವಳಿಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ಸಿಟ್ಟೇನೂ ಇಳಿಯಲಿಲ್ಲ.

ಸಿಟ್ಟಿಗೆ ಕಾರಣವೂ ಇತ್ತು. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಹುಡುಗಿಯರು ಹಾಡುತ್ತಾರೆ, ಜನ ಖುಷಿಯಿಂದ ಚಪ್ಪಾಳೆ ತಟ್ಟುತ್ತಾರೆ. ಗಿಟಾರ್ ಹಿಡಿದು ಸೋಲೋಗಳಿರುವ ಲೀಡ್ ನುಡಿಸುವವಳೆಂದರೆ ಮಾತ್ರ ಹುಬ್ಬು ಮೇಲೇರುತ್ತವೆ! ಹಿಂದಿದ್ದ ಆಪರೇಟರ್‌ಗಳು 'ಹುಡುಗಿ, ತಪ್ಪಿದರೆ ಯಾರಿಗೂ ಗೊತ್ತಾಗಬಾರದು' ಎಂದು ಅವಳ ಗಿಟಾರನ್ನು ಮಿಕ್ಸರಿನಲ್ಲೇ ಅಡಗಿಸಿಬಿಡುತ್ತಿದ್ದರು. ಅದಕ್ಕೇ ಅವಳು ಗುಂಡಿಯನ್ನು ತುದಿಗೆ ತಿರುಗಿಸಿಟ್ಟು, ಹಾಡಿಗೂ ಸೋಲೋಗೂ ಒಂದೇ ಜೋರಿನಲ್ಲಿ ನುಡಿಸುವುದನ್ನು ರೂಢಿ ಮಾಡಿಕೊಂಡಿದ್ದಳು.

ಅದರಿಂದ ಸೋಲೋ ಎದ್ದು ಕಾಣುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಒಬ್ಬ ಅಪರಿಚಿತ ಮೊದಲ ದಿನವೇ ಮುಖಕ್ಕೆ ಹೇಳಿದರೆ ಯಾರಿಗೆ ತಾನೆ ಉರಿಯುವುದಿಲ್ಲ?

'ತಡಿಯಪ್ಪಾ, ಏರಿಸಿ ತೋರಸ್ತೀನಿ,' ಎಂದುಕೊಂಡಳು.

ತಾಲೀಮು ನಡೆಯುತ್ತಿದ್ದುದು ಯಾದಗಿರಿಯಲ್ಲಿ, ಮಸ್ತಾನಸಾಬರ ಮಾಳಿಗೆಯ ಕೋಣೆಯಲ್ಲಿ. ಚೇತನಕುಮಾರ ಮೂಲೆಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ತಟ್ಟುತ್ತಿರುತ್ತಿದ್ದ. 'ನಾವಿಲ್ಲಿ ಬಾರಸಾಕತ್ತೀವಿ, ಇವ ಅಲ್ಲಿ ಬ್ಯಾರೆ ಹಾಡು ಕೇಳಾಕತ್ತಾನ,' ಎಂದು ಅವಳು ಒಳಗೇ ಗೊಣಗುತ್ತಿದ್ದಳು.

ಆದರೆ ಮರಳಿ ಹೋಗುವ ಬಸ್ಸು ಇಬ್ಬರಿಗೂ ಒಂದೇ. ಅವಳು ಶಹಾಪುರದಲ್ಲಿ ಇಳಿಯಬೇಕು, ಅವನು ಸುರಪುರದವರೆಗೆ ಹೋಗಬೇಕು. ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಟವಲ್ ಒಗೆದು ಸೀಟು ಹಿಡಿಯುವುದರಲ್ಲಿ ಅವನದು ಪಳಗಿದ ಕೈ. ಒಂದು ಸಂಜೆ ಹಾಗೆ ಹಿಡಿದ ಸೀಟಿನ ಕಿಟಕಿಯ ಬದಿಯನ್ನು ಅವಳಿಗೆ ಬಿಟ್ಟುಕೊಟ್ಟ.

"ಗಿಟಾರ್‌ಗೆ ಪೆಟ್ಟ ಬೀಳಬಾರದು ನೋಡ್ರಿ, ಅದಕ್ಕ," ಅಂದ.

"ಗಿಟಾರ್‌ಗೆ ಮಾತ್ರಾ?" ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ನಾಚಿಕೆಯಾಗಿ, ಊರು ಬರುವವರೆಗೂ ಕಿಟಕಿಯ ಆಚೆಗಿನ ಹತ್ತಿ ಹೊಲಗಳನ್ನೇ ನೋಡುತ್ತ ಕುಳಿತಳು.

ಆಮೇಲೆ ದಿನಾ ಆ ಸೀಟು ಅವಳದಾಯಿತು. ಮಾತು ಮಾತ್ರ ಊರು, ಊಟ, ತಮ್ಮ ತಂಗಿಯರ ಸುದ್ದಿಯ ಸುತ್ತಲೇ ತಿರುಗುತ್ತಿತ್ತು. ಸೋಲೋ ವಿಷಯ ಇಬ್ಬರೂ ಎತ್ತಲಿಲ್ಲ. ಬಿಗುಮಾನ ಅನ್ನುವುದು ಇಬ್ಬರ ಹತ್ತಿರವೂ ಮೂಟೆಗಟ್ಟಲೆ ಇತ್ತು ನೋಡಿ.

ಆ ನಡುವೆ ನಾಗರತ್ನಾ ಹೈದರಾಬಾದಿನಿಂದ ಒಂದು ಪೆಡಲ್ ತರಿಸಿದಳು. ಕಾಲಲ್ಲಿ ಒತ್ತಿದರೆ ಸಾಕು, ಗಿಟಾರಿನ ದನಿ ಒಮ್ಮೆಲೇ ಏರುವ ಪುಟ್ಟ ಪೆಟ್ಟಿಗೆ ಅದು. ಚೇತನಕುಮಾರನಿಗೆ ಹೇಳಲಿಲ್ಲ. ಯಾದಗಿರಿಯ ಕಾಲೇಜಿನ ಕಾರ್ಯಕ್ರಮದಲ್ಲಿ ಅವನು ಬೆರಗಾಗಿ ನೋಡಬೇಕು ಎಂಬ ಆಸೆ ಅವಳದು.

ಅಲ್ಲಿ ಆದದ್ದೇ ಬೇರೆ.

ಹಾಡು ನಿಂತಿತು, ಸೋಲೋ ಬಂತು, ಅವಳು ಪೆಡಲ್ ಒತ್ತಿದಳು. ಕುಂಯ್ಯ್... ಎಂದು ಸ್ಪೀಕರ್‌ಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ವಿದ್ಯಾರ್ಥಿಗಳು ಕಿವಿ ಮುಚ್ಚಿಕೊಂಡರು, ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು, ಆಮೇಲೆ ಇಡೀ ಮೈದಾನ ನಕ್ಕಿತು. ಅವಳು ಬೆದರಿ ತಂತಿಗಳ ಮೇಲೆ ಕೈ ಇಟ್ಟಳು. ಸೋಲೋ ಅಲ್ಲಿಗೇ ಸತ್ತಿತು.

ತಲೆ ಎತ್ತಿ ನೋಡಿದರೆ ಚೇತನಕುಮಾರನ ಕೈ ಮಿಕ್ಸರಿನಲ್ಲಿ ಅವಳ ಗಿಟಾರಿನ ಗುಂಡಿಯ ಮೇಲೇ ಇತ್ತು.

ಕಾರ್ಯಕ್ರಮ ಮುಗಿದ ಕೂಡಲೇ ಹೋಗಿ ನಿಂತಳು. "ಅವತ್ತ ಇಳಿಸಿ ಮುಳುಗಿಸಿದ್ರಿ, ಇವತ್ತ ಏರಿಸಿ ಮರ್ಯಾದಿ ತೆಗೆದ್ರಿ. ಸಮಾಧಾನ ಆತೇನ್ರಿ?"

"ನಾಗರತ್ನಾ, ನಾ ನಿಮ್ಮ ಸಲುವಾಗೇ..."

"ನನ್ನ ಸಲುವಾಗಿ ಇನ್ನ ಏನೂ ಮಾಡಬ್ಯಾಡ್ರಿ."

ಅವತ್ತೂ ಬಸ್ಸಿನ ಸೀಟಿನ ಮೇಲೆ ಟವಲ್ ಇತ್ತು. ಅವಳು ಅದರ ಕಡೆ ನೋಡದೆ ಶಹಾಪುರದವರೆಗೂ ನಿಂತೇ ಹೋದಳು.

ಮರುದಿನ ಮಸ್ತಾನಸಾಬ ಅವಳನ್ನು ಕರೆದರು. ಒಳ್ಳೆಯ ಮನುಷ್ಯ, ಆದರೆ ಹೆಸರು ಕೆಟ್ಟರೆ ಸಹಿಸುವವರಲ್ಲ.

"ಬೇಟಾ, ಸುರಪುರದ ಪ್ರೋಗ್ರಾಮ್ ದೊಡ್ಡದದ. ಸೋಲೋ ಎಲ್ಲಾ ಕೀಬೋರ್ಡಿನಾಗ ತಗೋತೀವಿ. ಅದರಾಗ ಗಿಟಾರಿನ ಆವಾಜ್ ಅದ. ನೀ ಹಾಡಿನ ಹಿಂದ ತಾಳಕ್ಕ ಬರೇ ಕಾರ್ಡ್ಸ್ ಬಾರಸು."

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಬೆರಳ ತುದಿ ಕಲ್ಲಾಗುವವರೆಗೆ ತಂತಿ ಒತ್ತಿದ್ದು ಇದಕ್ಕಾ? ಕೀಬೋರ್ಡು ನನ್ನ ಸೋಲೋ ನುಡಿಸುವುದು, ನಾನು ಪಕ್ಕದಲ್ಲಿ ನಿಂತು ಕೇಳುವುದಾ?

"ಚಾಚಾ, ಒಂದ ಸೋಲೋ ಕೊಡ್ರಿ. ಸುರಪುರದಾಗ ಒಂದೇ. ಅದೂ ಕೆಟ್ರ ನಾ ಮತ್ತ ಲೀಡ್ ಕೇಳಂಗಿಲ್ಲ."

ಮಸ್ತಾನಸಾಬ ಬಹಳ ಹೊತ್ತು ಗಡ್ಡ ನೀವಿಕೊಂಡು, ಆಗಲಿ ಅಂದರು.

ಆರ್ಕೆಸ್ಟ್ರಾದ ಗಾಯಕಿ ಅಂಬರೀನ ಅವಳ ಆಪ್ತ ಗೆಳತಿ. ತಾಲೀಮು ಮುಗಿದ ಮೇಲೆ ಮೊಬೈಲ್ ಹಿಡಿದು ಪಕ್ಕಕ್ಕೆ ಬಂದಳು. "ಕಾಲೇಜಿಂದು ವಿಡಿಯೋ. ನಮ್ಮ ತಮ್ಮ ಮಿಕ್ಸರಿನ ಬಾಜೂ ನಿಂತು ತೆಗದಾನ. ನಿನ್ನ ಸಿಟ್ಟ ಬಾಜೂಕ್ಕಿಟ್ಟು ನೋಡು."

ವಿಡಿಯೋದಲ್ಲಿ ಚೇತನಕುಮಾರ ಹತ್ತಿರವೇ ಕಾಣುತ್ತಿದ್ದ. ಹಾಡಿನ ಕೊನೆಯ ಸಾಲು ಬರುತ್ತಿದ್ದಂತೆ ಬೆರಳಲ್ಲಿ ತಾಳ ಎಣಿಸುತ್ತಿದ್ದ. ಆಮೇಲೆ, ಅವಳು ಇನ್ನೂ ತಂತಿ ಮುಟ್ಟುವ ಮೊದಲೇ, ಅವಳ ಸೋಲೋದ ಮೊದಲ ಸ್ವರಗಳನ್ನು ಗುನುಗುತ್ತ ಅವಳ ಗಿಟಾರನ್ನು ಏರಿಸಿದ. ಅದೇ ಗಳಿಗೆಗೆ ಅಲ್ಲಿ ವೇದಿಕೆಯಲ್ಲಿ ಅವಳ ಕಾಲು ಪೆಡಲ್ ಒತ್ತಿತು.

ಅವನು ಏರಿಸಿದ್ದ, ಅವಳೂ ಏರಿಸಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ!

ತಾಲೀಮಿನಲ್ಲಿ ಅವನು ಕೇಳುತ್ತಿದ್ದುದು ಬೇರೆ ಹಾಡಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ಆ ಹೆಡ್‌ಫೋನಿನಲ್ಲಿ ಇದ್ದದ್ದು ಅವಳೇ. ಅವಳ ಕಣ್ಣು ತುಂಬಿ ಬಂದವು.

ಸುರಪುರದಲ್ಲಿ ಕಾರ್ಯಕ್ರಮ ಸಂಜೆಗೆ. ಮಧ್ಯಾಹ್ನವೇ ಸೌಂಡ್ ಹೊಂದಿಸುತ್ತ ಕುಳಿತಿದ್ದ ಅವನ ಎದುರು ಅವಳು ಬಂದು ನಿಂತಳು.

"ನನ್ನ ಸೋಲೋ ಎಲ್ಲಾ ನಿಮಗ ಬಾಯಿಪಾಠ ಅದಾವ. ಯಾಕ ಹೇಳಲಿಲ್ರಿ?"

"ನೀವು ಪೆಡಲ್ ತರಿಸಿದ್ದು ಹೇಳಿದ್ರ್ಯಾ?"

ನಗಬಾರದು ಎಂದು ಅವಳು ತುಟಿ ಕಚ್ಚಿದಳು. ಆಗಲಿಲ್ಲ, ನಕ್ಕುಬಿಟ್ಟಳು. ಅವನೂ ನಕ್ಕ.

"ಇವತ್ತ ಏರಸೂದು ಯಾರು? ನೀವೇ ಹೇಳ್ರಿ," ಅಂದ.

"ನಾನೇ. ಪೆಡಲ್ ಬ್ಯಾಡ, ಗಿಟಾರಿನ ಗುಂಡಿ ಸಾಕು. ಈಗ ಗುಂಡಿ ಪೂರಾ ಏರಿಸಿ ಸೋಲೋ ಬಾರಸ್ತೀನಿ. ಅದು ಎಲ್ಲಿಗೆ ಬೇಕೋ ಮಿಕ್ಸರಿನಾಗ ಅಲ್ಲಿಗೆ ನೀವು ಇಡ್ರಿ. ಆಮ್ಯಾಲ ಹಾಡಿಗೆ ಎಷ್ಟು ಇಳೀಬೇಕು ಅನ್ನೂದು ನಾ ನೋಡಿಕೋತೀನಿ."

"ಇಟ್ಟ ಮ್ಯಾಲ ನಾ ಮುಟ್ಟಂಗಿಲ್ಲ," ಅಂದ ಅವನು. "ಯಾರು ಹೇಳಿದ್ರೂ ಮುಟ್ಟಂಗಿಲ್ಲ."

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಂಬರೀನ ಹಾಡತೊಡಗಿದಳು. ನಾಗರತ್ನಾ ಕಿರುಬೆರಳಿನಿಂದ ಗುಂಡಿ ಇಳಿಸಿ ಕಾರ್ಡ್ಸ್ ಹಿಡಿದಳು. ಇಷ್ಟು ಮೆಲ್ಲಗೆ ಅವಳು ಎಂದೂ ನುಡಿಸಿರಲಿಲ್ಲ. 'ಯಾರಿಗೂ ಕೇಳಿಸದಿದ್ದರೆ...? ಅವನು ಮಾತು ತಪ್ಪಿದರೆ...?' ಕಿರುಬೆರಳು ಗುಂಡಿಯವರೆಗೆ ಹೋಯಿತು. ಆದರೂ ಏರಿಸಲಿಲ್ಲ.

ಮಸ್ತಾನಸಾಬರಿಗೂ ಗಿಟಾರ್ ಸಣ್ಣಗಾಯಿತು ಅನ್ನಿಸಿತೇನೋ, ವೇದಿಕೆಯಿಂದಲೇ ಏರಿಸು ಎಂದು ಸನ್ನೆ ಮಾಡಿದರು. ಚೇತನಕುಮಾರ ಮಾಲೀಕರ ಕಣ್ಣಲ್ಲಿ ಕಣ್ಣಿಟ್ಟು ತಲೆ ಅಲ್ಲಾಡಿಸಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತ. ಅದನ್ನು ಅವಳು ನೋಡಿದಳು.

ಹಾಡು ನಿಂತಿತು. ಅವಳ ಕಿರುಬೆರಳು ಗುಂಡಿಯನ್ನು ತುದಿಗೆ ತಿರುಗಿಸಿತು.

ಗಿಟಾರ್ ಎದ್ದಿತು! ಎಲ್ಲಿಯೂ ಕಿರುಚಲಿಲ್ಲ, ಎಲ್ಲಿಯೂ ಮುಳುಗಲಿಲ್ಲ. ಅಷ್ಟು ಹೊತ್ತು ಮಾತಾಡುತ್ತಿದ್ದ ಜನ ಸುಮ್ಮನಾದರು. ಅವಳು ಕಣ್ಣು ಮುಚ್ಚಲಿಲ್ಲ, ತಲೆ ತಗ್ಗಿಸಲಿಲ್ಲ, ಜನರನ್ನೇ ನೋಡುತ್ತ ನುಡಿಸಿದಳು. ಕೊನೆಯ ಸ್ವರ ಎಳೆದು ಬಿಟ್ಟು, ಮತ್ತೆ ಗುಂಡಿ ಇಳಿಸಿ ಅಂಬರೀನಳಿಗೆ ಹಾಡು ಬಿಟ್ಟುಕೊಡುವಷ್ಟರಲ್ಲಿ ಚಪ್ಪಾಳೆ ಹಾಡನ್ನೇ ಮುಚ್ಚಿಹಾಕಿತ್ತು.

ಹಾಡು ಮುಗಿದಾಗ ಮಸ್ತಾನಸಾಬ ಮೈಕ್ ಹಿಡಿದರು. "ಲೀಡ್ ಗಿಟಾರ್, ಶಹಾಪುರದ ನಾಗರತ್ನಾ. ಇನ್ನ ಮುಂದ ನಮ್ಮಲ್ಲಿ ಎಲ್ಲಾ ಸೋಲೋ ಈಕೀವೇ." ಹೆಮ್ಮೆಯಿಂದ ಅವಳ ಎದೆ ಬಿರಿಯುವ ಹಾಗಾಯಿತು.

ಬಿಡುವಿನಲ್ಲಿ ವೇದಿಕೆಯ ಹಿಂದೆ ಅವನು ಕೇಬಲ್ ಸುತ್ತುತ್ತ ನಿಂತಿದ್ದ.

"ಚಾಚಾನ ಮಾತ ಮೀರಿದ್ರಿ. ಕೆಲಸ ಹೋಗಿದ್ರ?"

"ನಿಮಗ ಮಾತ ಕೊಟ್ಟಿದ್ದೆ." ಸುತ್ತುವುದನ್ನು ನಿಲ್ಲಿಸಿ ಹೇಳಿದ, "ನಾಗರತ್ನಾ, ನಾ ಒಂದ ವಿಷಯ..."

"ತಡೀರಿ, ನಾ ಮೊದಲ ಹೇಳ್ತೀನಿ. ನೀವಂದ್ರ ನಂಗ ಪ್ರೀತಿ. ಬಸ್ಸಿನಾಗ ನಿಂತು ಹೋದ ದಿನಾನೇ ಗೊತ್ತಾತು. ಕಾಲ ನೋಯಲಿಲ್ಲ, ಬಾಜೂ ನೀವಿಲ್ಲ ಅನ್ನೂದೇ ನೋವಾತು."

ಕೇಬಲ್ ಅವನ ಕೈಯಿಂದ ಜಾರಿತು. "ನಿಮ್ಮ ಸೋಲೋ ಬಾಯಿಪಾಠ ಮಾಡಿದ್ದು ಕೆಲಸಕ್ಕಂತರಿ. ಆಮ್ಯಾಲ ಕೆಲಸ ಇಲ್ಲದಾಗೂ ಅದನ್ನೇ ಕೇಳಾಕತ್ತೆ. ನಂಗೂ ನೀವೇ ಬೇಕು."

ಅವನು ಬಗ್ಗಿ ಕೇಬಲ್ ಎತ್ತಿಕೊಂಡ. ಆಮೇಲೆ ಅವನು ಮೆಲ್ಲಗೆ ಅಂದ, "ನಮ್ಮವ್ವ ಬಂದಾಳ. ಈಗ ಮಿಕ್ಸರಿನ ಹತ್ರ ಬಂದು, ಆ ಗಿಟಾರಿನ ಹುಡುಗಿ ಯಾರೋ ಅಂತ ಕೇಳಿದ್ಳು."

"ಏನಂದ್ರಿ?"

"ಶಹಾಪುರದಾಕಿ, ನಾಗರತ್ನಾ ಅಂದೆ. ನಿನ್ನ ಮುಖಾ ನೋಡಿದ್ರ ಇನ್ನೂ ಏನೋ ಉಳದದ, ಪೂರಾ ಹೇಳು ಅಂದ್ಳು."

ನಾಗರತ್ನಾ ಮುಂಗುರುಳು ಹಿಂದಕ್ಕೆ ಸರಿಸಿ, ದುಪಟ್ಟಾ ನೆಟ್ಟಗೆ ಮಾಡಿಕೊಂಡಳು.

"ನಡೀರಿ. ಉಳದದ್ದು ನಾ ಹೇಳ್ತೀನಿ."

"ನೀವಾ?"

"ಮತ್ತ ಯಾರು? ನೀವು ನನ್ನ ಬಾಜೂ ನಿಂದರ್ರಿ, ಸಾಕು."

ಅವನು ಕೇಬಲ್ ಅಲ್ಲೇ ಬಿಟ್ಟು ಅವಳ ಜೊತೆ ನಡೆದ.